ಊರಿನ ಮನೆವಾರ್ತೆ

ಬೆಳಗಿನ ಜಾವ. ಪೂರ್ವದಿಕ್ಕು ಇನ್ನೂ ಕೆಂಪೇರಿಲ್ಲ. ಪೇಟೆಬೀದಿಯ ಅಂಗಡಿಗಳ ಬಾಗಿಲು ಮುಚ್ಚಿವೆ. ಬಸ್ ನಿಲ್ದಾಣದ ಬಳಿ ಹಾಲಿನ ಡಬ್ಬಿಗಳನ್ನು ಇಳಿಸುವ ಸದ್ದೊಂದನ್ನು ಬಿಟ್ಟರೆ ಊರು ಇನ್ನೂ ನಿದ್ರೆಯಲ್ಲಿದೆ. ಆದರೆ ಪುರಸಭಾ ಕಾರ್ಯಾಲಯದ ಅಂಗಳದಲ್ಲಿ ಆಗಲೇ ಜನ ಸೇರಿದ್ದಾರೆ. ದಫೇದಾರರು ಹಾಜರಿ ಪುಸ್ತಕವನ್ನು ಹಿಡಿದು ಒಂದೊಂದೇ ಹೆಸರನ್ನು ಕೂಗುತ್ತಾರೆ. ಹೆಸರು ಹೇಳಿಸಿಕೊಂಡವರು ಪೊರಕೆ, ಸಲಿಕೆ, ತಳ್ಳುಗಾಡಿಗಳನ್ನು ತೆಗೆದುಕೊಂಡು ತಮ್ಮ ತಮ್ಮ ಬೀದಿಗಳತ್ತ ನಡೆಯುತ್ತಾರೆ. ಊರಿನ ಇನ್ನೊಂದು ತುದಿಯಲ್ಲಿ ನೀರುಗಂಟಿಯು ಎತ್ತರದ ನೀರಿನ ತೊಟ್ಟಿಯ ಕೆಳಗೆ ನಿಂತು ಕವಾಟವನ್ನು ತಿರುಗಿಸುತ್ತಾನೆ. ಮತ್ತೊಬ್ಬನು ಬೀದಿದೀಪಗಳನ್ನು ಆರಿಸುತ್ತಾ ಸಾಗುತ್ತಾನೆ. ಜನರು ಎದ್ದು ಬಾಗಿಲು ತೆರೆಯುವ ಹೊತ್ತಿಗೆ ಬೀದಿ ಗುಡಿಸಿದೆ, ನಲ್ಲಿಯಲ್ಲಿ ನೀರು ಬಂದಿದೆ. ಇವೆಲ್ಲ ತಾವಾಗಿಯೇ ನಡೆಯುತ್ತವೆ ಎಂದು ಅನೇಕರು ಭಾವಿಸಿರುತ್ತಾರೆ. ಒಂದು ದಿನ ನೀರು ಬಾರದಿದ್ದಾಗ ಮಾತ್ರ ಇದರ ಹಿಂದೆ ಯಾರೋ ಇದ್ದಾರೆಂಬುದು ನೆನಪಿಗೆ ಬರುತ್ತದೆ.

ಒಂದು ಮನೆಯನ್ನು ನಡೆಸುವುದಕ್ಕೆ ಮನೆವಾರ್ತೆ ಎನ್ನುತ್ತಾರೆ. ಅಕ್ಕಿಬೇಳೆಗಳ ಲೆಕ್ಕ, ಹಿರಿಯರ ಔಷಧಿ, ಮಕ್ಕಳ ಶಾಲೆ, ಸೋರುವ ಮಾಳಿಗೆಯ ದುರಸ್ತಿ, ಬರುವ ಹಣ, ಹೋಗುವ ಹಣ ಇವೆಲ್ಲವೂ ಅದರಲ್ಲಿ ಸೇರುತ್ತವೆ. ಸಾವಿರಾರು ಮನೆಗಳು ಕೂಡಿದ ಊರಿಗೂ ಇಂತಹುದೇ ಒಂದು ಮನೆವಾರ್ತೆ ಉಂಟು. ಅದನ್ನು ನಡೆಸುವ ಸಂಸ್ಥೆಯೇ ಪುರಸಭೆ.

ಕರ್ನಾಟಕದಲ್ಲಿ ಪೌರಸಂಸ್ಥೆಗಳ ಇತಿಹಾಸ ಸಾಕಷ್ಟು ಹಳೆಯದು. ಬೀದಿಗಳ ದುರಸ್ತಿ, ದೀಪ, ನೈರ್ಮಲ್ಯ ಮೊದಲಾದ ಕೆಲಸಗಳನ್ನು ಪಟ್ಟಣದ ನಿವಾಸಿಗಳೇ ನೋಡಿಕೊಳ್ಳಲು ಅವಕಾಶ ನೀಡುವ ಕಾಯಿದೆಯೊಂದು 1850ರಲ್ಲಿ ಬ್ರಿಟಿಷ್ ಆಡಳಿತದಲ್ಲಿ ಜಾರಿಗೆ ಬಂದಿತು. ಅದರ ಬೆನ್ನಲ್ಲೇ, ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಹುಬ್ಬಳ್ಳಿಯಲ್ಲಿ 1855ರಲ್ಲಿಯೂ ಧಾರವಾಡದಲ್ಲಿ 1856ರಲ್ಲಿಯೂ ಪುರಸಭೆಗಳು ಹುಟ್ಟಿದವು. ಬೆಂಗಳೂರಿನಲ್ಲಿ 1862ರಲ್ಲಿ ಇಂತಹ ಸಂಸ್ಥೆ ಏರ್ಪಟ್ಟಿತು. ಆದರೆ ಆ ಕಾಲದ ಪುರಸಭೆಗಳಲ್ಲಿ ಸರ್ಕಾರಿ ಅಧಿಕಾರಿಗಳ ಮಾತೇ ನಡೆಯುತ್ತಿತ್ತು. 1882ರಲ್ಲಿ ವೈಸ್‌ರಾಯ್ ಲಾರ್ಡ್ ರಿಪ್ಪನ್ ಹೊರಡಿಸಿದ ನಿರ್ಣಯವು ಚುನಾಯಿತ ಸದಸ್ಯರಿಗೆ ಹೆಚ್ಚಿನ ಸ್ಥಾನವಿರಬೇಕೆಂಬ ತತ್ತ್ವವನ್ನು ಮುಂದಿಟ್ಟಿತು. ಊರಿನ ಜನರು ತಮ್ಮ ಊರಿನ ಕೆಲಸವನ್ನು ತಾವೇ ಮಾಡಿಕೊಳ್ಳುತ್ತಾ ರಾಜಕೀಯ ಶಿಕ್ಷಣವನ್ನು ಪಡೆಯಬೇಕೆಂಬುದು ಅದರ ಆಶಯವಾಗಿತ್ತು.

1956ರಲ್ಲಿ ಕನ್ನಡ ನಾಡು ಒಂದಾದಾಗ ಮುಂಬಯಿ, ಹೈದರಾಬಾದು, ಮದರಾಸು, ಮೈಸೂರು, ಕೊಡಗು ಪ್ರಾಂತಗಳಿಂದ ಬಂದ ಪಟ್ಟಣಗಳು ಬೇರೆಬೇರೆ ಕಾಯಿದೆಗಳಿಗೆ ಒಳಪಟ್ಟಿದ್ದವು. ಇವೆಲ್ಲಕ್ಕೂ ಒಂದೇ ಕಟ್ಟಳೆಯನ್ನು ತಂದದ್ದು 1964ರ ಪುರಸಭೆಗಳ ಕಾಯಿದೆ. ಈಗಿನ ವರ್ಗೀಕರಣದಂತೆ 10,000ದಿಂದ 20,000 ಜನಸಂಖ್ಯೆಯಿರುವ ಊರಿಗೆ ಪಟ್ಟಣ ಪಂಚಾಯಿತಿ, 20,000ದಿಂದ 50,000ದವರೆಗಿನ ಊರಿಗೆ ಪುರಸಭೆ, ಅದಕ್ಕಿಂತ ದೊಡ್ಡ ಊರಿಗೆ ನಗರಸಭೆ, ಮೂರು ಲಕ್ಷವನ್ನು ಮೀರಿದ ನಗರಕ್ಕೆ ಮಹಾನಗರ ಪಾಲಿಕೆ ಇರುತ್ತವೆ. 1992ರಲ್ಲಿ ಸಂಸತ್ತು ಅಂಗೀಕರಿಸಿ 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು ಈ ಸಂಸ್ಥೆಗಳಿಗೆ ಸಂವಿಧಾನದ ಆಸರೆಯನ್ನು ಒದಗಿಸಿತು. ಐದು ವರ್ಷಗಳ ಅವಧಿ, ಸ್ವತಂತ್ರ ಚುನಾವಣಾ ಆಯೋಗ, ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೂ ಮಹಿಳೆಯರಿಗೂ ಮೀಸಲು ಸ್ಥಾನಗಳು ಅಂದಿನಿಂದ ಖಚಿತವಾದವು. ನಗರಾಡಳಿತಕ್ಕೆ ವಹಿಸಬಹುದಾದ 18 ವಿಷಯಗಳ ಪಟ್ಟಿಯೂ ಸಂವಿಧಾನದ ಹನ್ನೆರಡನೆಯ ಅನುಸೂಚಿಯಾಗಿ ಸೇರಿತು.

ಪುರಸಭೆ ಎಂಬ ಬಂಡಿಗೆ ಎರಡು ಗಾಲಿಗಳು. ಒಂದು ಸಭೆ, ಇನ್ನೊಂದು ಕಚೇರಿ.

ಸಭೆಯೆಂದರೆ ವಾರ್ಡುಗಳಿಂದ ಆರಿಸಿ ಬಂದ ಸದಸ್ಯರ ಕೂಟ. ಅನೇಕ ಪುರಸಭೆಗಳಲ್ಲಿ 23 ವಾರ್ಡುಗಳಿದ್ದು, ಪ್ರತಿಯೊಂದರಿಂದಲೂ ಒಬ್ಬ ಸದಸ್ಯರು ಬರುತ್ತಾರೆ. ಸದಸ್ಯರು ತಮ್ಮಲ್ಲಿಯೇ ಒಬ್ಬರನ್ನು ಅಧ್ಯಕ್ಷರನ್ನಾಗಿಯೂ ಮತ್ತೊಬ್ಬರನ್ನು ಉಪಾಧ್ಯಕ್ಷರನ್ನಾಗಿಯೂ ಆರಿಸುತ್ತಾರೆ. ಸರ್ಕಾರವು ನಾಮಕರಣ ಮಾಡುವ ಕೆಲವು ಸದಸ್ಯರೂ ಇರುತ್ತಾರೆ. ಅವರು ಚರ್ಚಿಸಬಹುದು, ಮತ ನೀಡುವಂತಿಲ್ಲ. ಊರಿಗೆ ಯಾವ ಕೆಲಸ ಮೊದಲು ಆಗಬೇಕು, ಹಣವನ್ನು ಹೇಗೆ ವಿನಿಯೋಗಿಸಬೇಕು ಎಂಬುದನ್ನು ತೀರ್ಮಾನಿಸುವುದು ಸಭೆಯ ಕರ್ತವ್ಯ.

ತೀರ್ಮಾನವನ್ನು ಕೈಗೂಡಿಸುವುದು ಕಚೇರಿಯ ಕರ್ತವ್ಯ. ಅದರ ಮುಖ್ಯಸ್ಥರು ಮುಖ್ಯಾಧಿಕಾರಿಗಳು. ಇವರನ್ನು ನೇಮಿಸುವುದು ರಾಜ್ಯ ಸರ್ಕಾರವೇ ಹೊರತು ಸಭೆಯಲ್ಲ. ಇವರ ಕೆಳಗೆ ಆರೋಗ್ಯ ನಿರೀಕ್ಷಕರು, ಕಂದಾಯ ನಿರೀಕ್ಷಕರು, ಅಭಿಯಂತರರು, ಲೆಕ್ಕಿಗರು, ಗುಮಾಸ್ತರು, ಕರವಸೂಲಿಗಾರರು, ನೀರು ಸರಬರಾಜಿನ ಸಿಬ್ಬಂದಿ, ಜವಾನರು, ಪೌರಕಾರ್ಮಿಕರು ಕೆಲಸ ಮಾಡುತ್ತಾರೆ. ಮುಖ್ಯಾಧಿಕಾರಿಗಳು ಸಭೆಯಲ್ಲಿ ಕುಳಿತು ವಿವರಣೆ ನೀಡಬಹುದು. ಆದರೆ ಮತ ಹಾಕುವಂತಿಲ್ಲ. ಸದಸ್ಯರು ಕಚೇರಿಯ ಕೆಲಸವನ್ನು ಪ್ರಶ್ನಿಸಬಹುದು. ಆದರೆ ಬೀದಿಯಲ್ಲಿ ನಿಂತು ನೌಕರನಿಗೆ ತಾವೇ ಆಜ್ಞೆ ಮಾಡುವಂತಿಲ್ಲ. ಈ ಮಿತಿಯನ್ನು ಎರಡು ಕಡೆಯವರೂ ಅರಿತು ನಡೆದ ಊರಿನಲ್ಲಿ ಕೆಲಸ ಸುಗಮವಾಗಿ ಸಾಗುತ್ತದೆ. ಅರಿಯದ ಊರಿನಲ್ಲಿ ಒಂದು ಗಾಲಿ ಮುಂದಕ್ಕೆಳೆದರೆ ಇನ್ನೊಂದು ಹಿಂದಕ್ಕೆಳೆಯುತ್ತದೆ.

ಸಿಬ್ಬಂದಿಯ ವಿಷಯದಲ್ಲಿ ಪುರಸಭೆಯ ಸ್ವಾತಂತ್ರ್ಯ ಜನರು ಊಹಿಸುವಷ್ಟು ದೊಡ್ಡದಲ್ಲ. ಯಾವ ಊರಿಗೆ ಯಾವ ಹುದ್ದೆಗಳು ಎಷ್ಟಿರಬೇಕೆಂಬುದನ್ನು ರಾಜ್ಯ ಸರ್ಕಾರ ಮಂಜೂರು ಮಾಡುತ್ತದೆ. ಆ ಹುದ್ದೆಗೆ ಬೇಕಾದ ವಿದ್ಯಾರ್ಹತೆ, ನೇರ ನೇಮಕಾತಿಯ ಪಾಲು, ಬಡ್ತಿಯ ಪಾಲು, ಮೀಸಲಾತಿ ಇವೆಲ್ಲವೂ ವೃಂದ ಮತ್ತು ನೇಮಕಾತಿ ನಿಯಮಗಳಲ್ಲಿ ಬರೆದಿರುತ್ತವೆ. ‘ನನ್ನ ವಾರ್ಡಿನ ಹುಡುಗನಿಗೆ ಒಂದು ಕೆಲಸ ಕೊಡಿ’ ಎಂದು ಸದಸ್ಯರೊಬ್ಬರು ಕೇಳಿದಾಕ್ಷಣ ಕೊಡಲು ಬರುವುದಿಲ್ಲ. ಈ ಕಟ್ಟು ಕೆಲವೊಮ್ಮೆ ತೊಡಕೆನಿಸಿದರೂ ಅದಕ್ಕೆ ಕಾರಣವಿದೆ. ಸಂಬಳವು ಊರಿನವರ ತೆರಿಗೆಯಿಂದಲೂ ರಾಜ್ಯದ ಅನುದಾನದಿಂದಲೂ ಬರುವ ಹಣ. ಅದು ಬಂಧುಬಳಗದವರ ಪಾಲಾಗಬಾರದು. ಅರ್ಹರಾದ ಎಲ್ಲರಿಗೂ ಸಮಾನ ಅವಕಾಶ ದೊರೆಯಬೇಕು.

ಆದರೆ ಕಟ್ಟಿಗೆ ಇನ್ನೊಂದು ಮುಖವೂ ಇದೆ. ನೌಕರರು ನಿವೃತ್ತರಾದಾಗ, ವರ್ಗವಾದಾಗ ಅವರ ಸ್ಥಾನ ಬೇಗನೆ ತುಂಬುವುದಿಲ್ಲ. ಒಬ್ಬ ಕಂದಾಯ ನಿರೀಕ್ಷಕರು ಎರಡು ಊರುಗಳ ಪ್ರಭಾರ ವಹಿಸಬೇಕಾಗುತ್ತದೆ. ಒಬ್ಬ ಗುಮಾಸ್ತರ ಮೇಜಿನ ಮೇಲೆ ಮೂವರ ಕಡತಗಳು ಬಂದು ಕೂಡುತ್ತವೆ. ಹೀಗಾಗಿ ಸಣ್ಣ ಊರಿನ ಕಚೇರಿಯಲ್ಲಿ ಕಾಯಂ ನೌಕರರ ಜೊತೆಗೆ ದಿನಗೂಲಿಯವರೂ ಹೊರಗುತ್ತಿಗೆಯವರೂ ಸೇರಿಕೊಳ್ಳುತ್ತಾ ಬಂದರು. ಒಂದೇ ಬೀದಿಯಲ್ಲಿ, ಒಂದೇ ಹೊತ್ತಿನಲ್ಲಿ, ಒಂದೇ ಕೆಲಸ ಮಾಡುವ ಇಬ್ಬರಲ್ಲಿ ಒಬ್ಬನಿಗೆ ತಿಂಗಳ ಸಂಬಳ, ರಜೆ, ನಿವೃತ್ತಿ ಸೌಲಭ್ಯಗಳಿದ್ದರೆ ಇನ್ನೊಬ್ಬನಿಗೆ ನಾಳೆಯ ಕೆಲಸವೂ ಖಚಿತವಿರಲಿಲ್ಲ.

ಈ ಅಂತರವನ್ನು ಎಲ್ಲರಿಗಿಂತ ಹೆಚ್ಚಾಗಿ ಅನುಭವಿಸಿದವರು ಪೌರಕಾರ್ಮಿಕರು. ಊರಿನ ಕೊಳೆಯನ್ನು ತೆಗೆಯುವವರನ್ನು ಊರು ಬಹುಕಾಲ ದೂರವಿಟ್ಟಿತು. ಹೀನವಾದ ಹೆಸರುಗಳಿಂದ ಕರೆಯಿತು. ಮಲವನ್ನು ತಲೆಯ ಮೇಲೆ ಹೊರುವ ಅಮಾನುಷ ಪದ್ಧತಿ ಪಟ್ಟಣಗಳಲ್ಲಿ ರೂಢಿಯಲ್ಲಿತ್ತು. 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಸಚಿವರಾಗಿದ್ದಾಗ ರಾಜ್ಯವು ಅದನ್ನು ನಿಷೇಧಿಸಿತು. ಅದೇ ದಶಕದಲ್ಲಿ ಐ.ಪಿ.ಡಿ. ಸಾಲಪ್ಪನವರ ಅಧ್ಯಕ್ಷತೆಯ ಸಮಿತಿಯು ಸಫಾಯಿ ಕೆಲಸಗಾರರ ಬದುಕನ್ನು ಪರಿಶೀಲಿಸಿ 1976ರಲ್ಲಿ ವರದಿ ನೀಡಿತು. 500 ಜನರಿಗೆ ಒಬ್ಬ ಪೌರಕಾರ್ಮಿಕ ಇರಬೇಕೆಂಬುದು ಆ ವರದಿಯ ಹೆಸರಿನೊಡನೆ ಇಂದಿಗೂ ನೆನೆಯುವ ಶಿಫಾರಸು. ಮುಂದೆ ಸರ್ಕಾರವು 700 ಜನರಿಗೆ ಒಬ್ಬರೆಂಬ ಪ್ರಮಾಣವನ್ನು ಅನುಸರಿಸಿತು. ಕೈಯಿಂದ ಮಲ ಬಾಚುವ ಕೆಲಸಕ್ಕೆ ಯಾರನ್ನೂ ನೇಮಿಸಬಾರದೆಂದು ಸಂಸತ್ತು 1993ರಲ್ಲಿ ಒಮ್ಮೆ, ಮತ್ತಷ್ಟು ಬಿಗಿಯಾಗಿ 2013ರಲ್ಲಿ ಇನ್ನೊಮ್ಮೆ ಕಾನೂನು ಮಾಡಿತು. ನಡುವೆ ಬೆಳೆದ ಗುತ್ತಿಗೆ ಪದ್ಧತಿಯನ್ನು ತೆಗೆದು, ಪೌರಕಾರ್ಮಿಕರಿಗೆ ಸಂಸ್ಥೆಯೇ ನೇರವಾಗಿ ವೇತನ ನೀಡುವ ಕ್ರಮವನ್ನು ರಾಜ್ಯವು 2017ರ ಸುಮಾರಿಗೆ ಕೈಗೊಂಡಿತು. 2022ರಲ್ಲಿ ರಾಜ್ಯದ ಪೌರಕಾರ್ಮಿಕರು ಕಾಯಮಾತಿಗಾಗಿ ಮುಷ್ಕರ ಹೂಡಿದರು. ಆ ವರ್ಷ ಸಚಿವ ಸಂಪುಟವು 11,133 ಪೌರಕಾರ್ಮಿಕರನ್ನು ಕಾಯಂ ಹುದ್ದೆಗಳಿಗೆ ತೆಗೆದುಕೊಳ್ಳಲು ಒಪ್ಪಿಗೆ ನೀಡಿತು. ಪ್ರತಿ ವರ್ಷ ಸೆಪ್ಟೆಂಬರ್ 23ನ್ನು ಪೌರಕಾರ್ಮಿಕರ ದಿನವಾಗಿ ಆಚರಿಸಲಾಗುತ್ತಿದೆ. ಇಷ್ಟು ದೂರ ಬರಲು ಅರ್ಧ ಶತಮಾನ ಹಿಡಿಯಿತೆಂಬುದನ್ನು ಮರೆಯಲಾಗದು.

ಕಚೇರಿಯ ಬಾಗಿಲು ತೆರೆದ ಮೇಲೆ ದಿನದ ಇನ್ನೊಂದು ಭಾಗ ಮೊದಲಾಗುತ್ತದೆ. ಟಪಾಲು ಗುಮಾಸ್ತರು ಬಂದ ಅರ್ಜಿಗಳಿಗೆ ಮೊಹರು ಹಾಕಿ ಆವಕ ವಹಿಯಲ್ಲಿ ಅಂಕಿ ಕೊಡುತ್ತಾರೆ. ಅಂಕಿ ಬೀಳದ ಅರ್ಜಿಗೆ ಕಚೇರಿಯಲ್ಲಿ ಅಸ್ತಿತ್ವವೇ ಇಲ್ಲ. ಆದುದರಿಂದ ತಿಳಿದವರು ಸ್ವೀಕೃತಿಯನ್ನು ಕೇಳಿ ಪಡೆಯುತ್ತಾರೆ. ಒಬ್ಬ ತಂದೆ ಮಗುವಿನ ಜನನ ಪ್ರಮಾಣಪತ್ರಕ್ಕಾಗಿ ಬಂದಿದ್ದಾನೆ. 1969ರ ಜನನ ಮರಣ ನೋಂದಣಿ ಕಾಯಿದೆಯಂತೆ ಜನನವನ್ನಾಗಲಿ ಮರಣವನ್ನಾಗಲಿ 21 ದಿನಗಳೊಳಗೆ ತಿಳಿಸಬೇಕು. ಅಂದು ಬರೆದ ಒಂದು ಸಾಲು ಮುಂದೆ ಆ ಮಗುವಿನ ಶಾಲಾ ಪ್ರವೇಶಕ್ಕೂ ಮತದಾನಕ್ಕೂ ನೌಕರಿಗೂ ಆಧಾರವಾಗುತ್ತದೆ. ಗುಮಾಸ್ತರು ಒಂದು ಅಕ್ಷರ ತಪ್ಪಿದರೆ ಆ ಮಗು ದೊಡ್ಡದಾದ ಮೇಲೂ ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ.

ಮತ್ತೊಂದು ಮೇಜಿನಲ್ಲಿ ತೀರಿಹೋದ ಗಂಡನ ಮನೆಯನ್ನು ತನ್ನ ಹೆಸರಿಗೆ ಖಾತೆ ಬದಲಾಯಿಸಿಕೊಡಬೇಕೆಂದು ಒಬ್ಬ ವಿಧವೆ ಕಾಗದಗಳನ್ನು ಹಿಡಿದು ನಿಂತಿದ್ದಾಳೆ. ಇನ್ನೊಂದೆಡೆ ಮನೆ ಕಟ್ಟಲು ಪರವಾನಿಗೆ, ಅಂಗಡಿ ತೆರೆಯಲು ಪರವಾನಿಗೆ, ಹೊಸ ನಲ್ಲಿಯ ಜೋಡಣೆ, ಕೆಟ್ಟ ಬೀದಿದೀಪದ ದೂರು. ಇವೆಲ್ಲವೂ ಸಣ್ಣ ಕೆಲಸಗಳೆನಿಸುತ್ತವೆ. ಕೇಳಲು ಬಂದವರಿಗೆ ಮಾತ್ರ ಅದು ಆ ದಿನದ ಅತ್ಯಂತ ದೊಡ್ಡ ಕೆಲಸ.

ಕರವಸೂಲಿಗಾರರು ಮನೆಮನೆಗೆ ಹೋಗುತ್ತಾರೆ. ಆಸ್ತಿ ತೆರಿಗೆಯು ಪುರಸಭೆಯ ಸ್ವಂತ ಆದಾಯದ ಮುಖ್ಯ ಮೂಲ. 2002–03ರಿಂದ ಮನೆಯ ಒಡೆಯರೇ ತಮ್ಮ ತೆರಿಗೆಯನ್ನು ಲೆಕ್ಕ ಹಾಕಿ ಘೋಷಿಸುವ ಪದ್ಧತಿ ರಾಜ್ಯದ ಪಟ್ಟಣಗಳಿಗೆ ಬಂದಿತು. ವರ್ಷದ ಆರಂಭದ ಏಪ್ರಿಲ್ ತಿಂಗಳಿನಲ್ಲಿಯೇ ಕಟ್ಟಿದವರಿಗೆ ಶೇಕಡಾ 5ರ ರಿಯಾಯಿತಿಯನ್ನೂ ಇರಿಸಲಾಯಿತು. ನೀರಿನ ಕರ, ಮಳಿಗೆಗಳ ಬಾಡಿಗೆ, ಸಂತೆಯ ಶುಲ್ಕ, ಪರವಾನಿಗೆ ಶುಲ್ಕ ಇವೂ ಪುರಸಭೆಯ ಆದಾಯದಲ್ಲಿ ಸೇರುತ್ತವೆ. ತೆರಿಗೆಯೊಡನೆ ಸಂಗ್ರಹವಾಗುವ ಗ್ರಂಥಾಲಯ ಕರವು ಸಾರ್ವಜನಿಕ ಗ್ರಂಥಾಲಯಗಳಿಗೆ ಸಲ್ಲುತ್ತದೆ. ಇಷ್ಟಾದರೂ ಸಣ್ಣ ಊರಿನ ಸ್ವಂತ ಆದಾಯ ಎಲ್ಲ ವೆಚ್ಚಕ್ಕೆ ಸಾಲದು. ರಾಜ್ಯ ಹಣಕಾಸು ಆಯೋಗದ ಶಿಫಾರಸಿನಂತೆ ಬರುವ ಅನುದಾನವನ್ನು ಅದು ನೆಚ್ಚಿಕೊಂಡಿರುತ್ತದೆ.

ಸಾಮಾನ್ಯ ಸಭೆ ತಿಂಗಳಿಗೊಮ್ಮೆಯಾದರೂ ಸೇರಬೇಕೆಂಬುದು ಕಾಯಿದೆಯ ವಿಧಿ. ಸಭೆಗೆ ಮುಂಚಿತವಾಗಿ ಕಾರ್ಯಸೂಚಿಯೊಡನೆ ತಿಳಿವಳಿಕೆ ಪತ್ರ ಸದಸ್ಯರ ಕೈಸೇರಬೇಕು. ಹಿಂದಿನ ಸಭೆಯ ನಡವಳಿಯನ್ನು ಓದಿ ದೃಢಪಡಿಸುವುದು, ಜಮಾಖರ್ಚನ್ನು ಪರಿಶೀಲಿಸುವುದು, ಬಂದ ಅರ್ಜಿಗಳನ್ನು ಚರ್ಚಿಸುವುದು, ಕಾಮಗಾರಿಗಳಿಗೆ ಒಪ್ಪಿಗೆ ನೀಡುವುದು ಇದು ಸಾಮಾನ್ಯ ಕ್ರಮ. ಬಹುಮತದಿಂದ ನಿರ್ಣಯವಾಗುತ್ತದೆ, ಮತಗಳು ಸಮನಾದರೆ ಅಧ್ಯಕ್ಷರಿಗೆ ನಿರ್ಣಾಯಕ ಮತವಿದೆ. ಯಾವುದೇ ವಿಷಯದಲ್ಲಿ ಸದಸ್ಯರಿಗೆ ಸ್ವಂತ ಹಣದ ಹಿತಾಸಕ್ತಿಯಿದ್ದರೆ ಅವರು ಅದರ ಚರ್ಚೆಯಿಂದ ದೂರವಿರಬೇಕು.

ಇಂತಹ ಸಭೆಯೊಂದು ಹೇಗೆ ನಡೆಯುತ್ತದೆ ಎಂಬುದನ್ನು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯಬಹುದು. 30,000 ಜನರಿರುವ ಒಂದು ಪಟ್ಟಣ. 700 ಜನರಿಗೆ ಒಬ್ಬರಂತೆ ಅಲ್ಲಿ 43 ಪೌರಕಾರ್ಮಿಕರಿರಬೇಕು. 500 ಜನರಿಗೆ ಒಬ್ಬರಂತಾದರೆ 60. ಕೆಲಸದಲ್ಲಿದ್ದವರು 34 ಮಂದಿ. ಆ ತಿಂಗಳ ಕೊನೆಗೆ ಅವರಲ್ಲಿ ಮೂವರು ನಿವೃತ್ತರಾಗಲಿದ್ದರು. ಉಳಿದ 31 ಮಂದಿಯಲ್ಲಿ ಒಬ್ಬೊಬ್ಬರ ಪಾಲಿಗೆ ಸುಮಾರು 970 ಜನರ ಕಸ ಬರುತ್ತಿತ್ತು. ಮುಂದಿನ ತಿಂಗಳಿನಲ್ಲಿಯೇ ಊರ ಜಾತ್ರೆ.

ಪೇಟೆಯ ವಾರ್ಡಿನ ಸದಸ್ಯರು ಎದ್ದು ನಿಂತರು. ‘ಮಾನ್ಯ ಅಧ್ಯಕ್ಷರೇ, ಜಾತ್ರೆಗೆ ಹತ್ತೂರ ಜನ ಬರುತ್ತಾರೆ. ತೇರುಬೀದಿ ಕೊಳಕಾಗಿದ್ದರೆ ಊರಿಗೇ ಅವಮಾನ. ಕೆರೆಯ ಹಿಂಭಾಗದ ಕಾಲೋನಿಯಲ್ಲಿರುವ ನಾಲ್ವರು ಕೆಲಸಗಾರರನ್ನು ಹದಿನೈದು ದಿನ ತೇರುಬೀದಿಗೆ ಹಾಕಬೇಕು’ ಎಂದು ಸೂಚಿಸಿದರು. ಹಲವರು ಮೇಜು ಕುಟ್ಟಿ ಸಮ್ಮತಿಸಿದರು. ಸೂಚನೆ ಅಂಗೀಕಾರವಾಗುವುದರಲ್ಲಿತ್ತು.

ಆಗ ಆ ಕಾಲೋನಿಯಿಂದ ಆರಿಸಿ ಬಂದ ಸದಸ್ಯೆ ಎದ್ದರು. ಅವರು ಹಿಂದೆ ಸಭೆಯಲ್ಲಿ ಹೆಚ್ಚು ಮಾತನಾಡಿದವರಲ್ಲ. ‘ಅಧ್ಯಕ್ಷರೇ, ನಮ್ಮ ಬೀದಿಗೆ ಕಸದ ಗಾಡಿ ಬರುವುದೇ ನಾಲ್ಕು ದಿನಕ್ಕೊಮ್ಮೆ. ಕುಡಿಯುವ ನೀರಿನ ಕೊಳವೆ ಚರಂಡಿಯ ಒಳಗೇ ಹಾದುಹೋಗಿದೆ. ಹದಿನೈದು ದಿನ ಚರಂಡಿ ಕಟ್ಟಿ ನಿಂತರೆ ಕೊಳಚೆ ಕೊಳವೆಗೆ ಇಳಿಯುತ್ತದೆ. ಹೋದ ವರ್ಷ ಮಕ್ಕಳಿಗೆ ವಾಂತಿಭೇದಿಯಾದದ್ದು ಯಾರಿಗೂ ತಿಳಿಯದ ಮಾತಲ್ಲ. ನಾವೂ ತೆರಿಗೆ ಕಟ್ಟುತ್ತೇವೆ. ತೇರು ನಮ್ಮದೂ ಹೌದು. ಆದರೆ ತೇರುಬೀದಿಯ ಕಸವನ್ನು ನಮ್ಮ ಮಕ್ಕಳ ಹೊಟ್ಟೆಗೆ ಹಾಕಬೇಡಿ’ ಎಂದರು.

ಸಭೆ ಒಂದು ಕ್ಷಣ ಮೌನವಾಯಿತು. ಅಧ್ಯಕ್ಷರು ಆರೋಗ್ಯ ನಿರೀಕ್ಷಕರ ಅಭಿಪ್ರಾಯವನ್ನು ಕೇಳಿದರು. ಕೊಳವೆಯ ಮೂರು ಕಡೆ ಬಿರುಕು ಬಿಟ್ಟಿರುವುದು ನಿಜವೆಂದೂ, ದುರಸ್ತಿಯ ಅಂದಾಜುಪಟ್ಟಿ ಎರಡು ತಿಂಗಳಿಂದ ಕಡತದಲ್ಲಿಯೇ ಇದೆಯೆಂದೂ ಅವರು ಒಪ್ಪಿಕೊಂಡರು. ಹೊಸಬರನ್ನು ಸಭೆಯೇ ನೇಮಿಸಿಕೊಳ್ಳಬಾರದೇಕೆ ಎಂದು ಮತ್ತೊಬ್ಬ ಸದಸ್ಯರು ಕೇಳಿದರು. ತಮಗೆ ತಿಳಿದವರಿಬ್ಬರ ಹೆಸರನ್ನೂ ಹೇಳಿದರು. ಮಂಜೂರಾದ ಹುದ್ದೆಗಳನ್ನು ನಿಯಮದಂತೆಯೇ ತುಂಬಬೇಕಾಗುತ್ತದೆ, ಹೆಸರು ಹೇಳಿ ನೇಮಿಸಿದರೆ ಆ ನಿರ್ಣಯ ಊರ್ಜಿತವಾಗುವುದಿಲ್ಲ, ಹಾಗೆ ಸೇರಿದವರಿಗೂ ನಾಳೆ ಸಂಬಳ ಸಿಗದೆ ಅನ್ಯಾಯವಾಗುತ್ತದೆ ಎಂದು ಮುಖ್ಯಾಧಿಕಾರಿಗಳು ವಿವರಿಸಿದರು.

ಒಂದು ಗಂಟೆಯ ಚರ್ಚೆಯ ನಂತರ ನಾಲ್ಕು ನಿರ್ಣಯಗಳಾದವು. ಕಾಲೋನಿಯ ಕೆಲಸಗಾರರನ್ನು ಕದಲಿಸಬಾರದು. ಕೊಳವೆಯ ದುರಸ್ತಿಯನ್ನು ಜಾತ್ರೆಗೆ ಮೊದಲೇ ಮುಗಿಸಬೇಕು. ಜಾತ್ರೆಯ ಅಂಗಡಿಗಳಿಂದ ಬರುವ ನೆಲಬಾಡಿಗೆಯ ಹಣದಲ್ಲಿ ಹತ್ತು ಮಂದಿ ತಾತ್ಕಾಲಿಕ ಕೆಲಸಗಾರರನ್ನು ತೆಗೆದುಕೊಳ್ಳಲು ಜಿಲ್ಲಾಧಿಕಾರಿಗಳ ಅನುಮತಿ ಕೋರಬೇಕು. ಖಾಲಿ ಹುದ್ದೆಗಳನ್ನು ತುಂಬುವಂತೆ ಪೌರಾಡಳಿತ ನಿರ್ದೇಶನಾಲಯಕ್ಕೆ ಬರೆಯಬೇಕು. ಪೇಟೆಯ ಸದಸ್ಯರೇ ಮೂರನೆಯ ನಿರ್ಣಯವನ್ನು ಅನುಮೋದಿಸಿದರು. ನಿವೃತ್ತರಾಗಲಿದ್ದ ಮೂವರನ್ನು ಸಭೆಗೆ ಕರೆಸಿ ಗೌರವಿಸಬೇಕೆಂದೂ, ಅವರಿಗೆ ಸಲ್ಲಬೇಕಾದ ನಿವೃತ್ತಿಯ ಹಣದ ಕಾಗದಗಳು ಅವರು ಮನೆಗೆ ಹೋಗುವ ದಿನಕ್ಕೆ ಸಿದ್ಧವಿರಬೇಕೆಂದೂ ಆ ಸದಸ್ಯೆ ಸೂಚಿಸಿದ್ದನ್ನು ಎಲ್ಲರೂ ಒಪ್ಪಿದರು.

ಎಲ್ಲವೂ ಬಯಸಿದಂತೆ ಆಯಿತೆಂದು ಹೇಳಲಾಗದು. ಹತ್ತರ ಬದಲು ಆರು ಮಂದಿಗೆ ಮಾತ್ರ ಅನುಮತಿ ಬಂದಿತು. ಖಾಲಿ ಹುದ್ದೆಗಳ ಪತ್ರಕ್ಕೆ, ಮುಂದಿನ ನೇಮಕಾತಿಯಲ್ಲಿ ಪರಿಶೀಲಿಸಲಾಗುವುದೆಂಬ ಉತ್ತರ ಬಂದಿತು. ತೇರಿನ ಮರುದಿನ ಬೀದಿ ಸ್ವಚ್ಛವಾಗಲು ಮಧ್ಯಾಹ್ನವಾಯಿತು. ಆದರೆ ಕೊಳವೆಯ ದುರಸ್ತಿ ಜಾತ್ರೆಗೆ ನಾಲ್ಕು ದಿನ ಮೊದಲೇ ಮುಗಿಯಿತು. ಆ ವರ್ಷ ಕಾಲೋನಿಯ ಮಕ್ಕಳು ಆಸ್ಪತ್ರೆ ಸೇರಲಿಲ್ಲ. ಜಾತ್ರೆಗೆ ಬಂದವರಾರೂ ಇದನ್ನು ಗಮನಿಸಲಿಲ್ಲ. ಒಳ್ಳೆಯ ಆಡಳಿತದ ಫಲ ಅನೇಕ ವೇಳೆ ಕಣ್ಣಿಗೆ ಕಾಣುವಂತಹುದಲ್ಲ. ಆಗಬೇಕಾಗಿದ್ದ ಕೇಡು ಆಗದೆ ಹೋಗುವುದೇ ಅದರ ಫಲ.

ಇಂತಹ ಕೆಲಸಗಳೆಲ್ಲ ನಿಯಮದಂತೆ ನಡೆಯುತ್ತಿವೆಯೇ ಎಂದು ನೋಡಲು ಹಲವು ಕಣ್ಣುಗಳಿವೆ. ಸಭೆಯ ನಡವಳಿಯ ಪ್ರತಿ ಜಿಲ್ಲಾಧಿಕಾರಿಗಳಿಗೆ ಹೋಗುತ್ತದೆ. ಕಾನೂನಿಗೆ ವಿರುದ್ಧವಾದ ನಿರ್ಣಯವನ್ನು ತಡೆಹಿಡಿಯುವ ಅಧಿಕಾರ ಅವರಿಗಿದೆ. ಲೆಕ್ಕಪರಿಶೋಧಕರು ವರ್ಷದ ಲೆಕ್ಕವನ್ನು ತನಿಖೆ ಮಾಡಿ ಆಕ್ಷೇಪಣೆಗಳನ್ನು ಬರೆಯುತ್ತಾರೆ. ಕಾಮಗಾರಿಗಳನ್ನು ಬೇಕಾದವರಿಗೆ ಹಂಚದೆ ಟೆಂಡರು ಕರೆದು ಕೊಡಬೇಕೆಂದು 1999ರ ಪಾರದರ್ಶಕತೆ ಕಾಯಿದೆ ವಿಧಿಸುತ್ತದೆ. 2005ರ ಮಾಹಿತಿ ಹಕ್ಕು ಕಾಯಿದೆಯಂತೆ ಯಾವ ಪ್ರಜೆಯೂ ಕಡತದ ಪ್ರತಿಯನ್ನು ಕೇಳಬಹುದು. ನಿಗದಿಯಾದ ಅವಧಿಯಲ್ಲಿ ಸೇವೆ ಒದಗಿಸಬೇಕೆಂದು ರಾಜ್ಯವು 2011ರಲ್ಲಿ ‘ಸಕಾಲ’ ಎಂದು ಹೆಸರಾದ ಕಾಯಿದೆಯನ್ನು ಮಾಡಿತು.

ಆದರೆ ಎಲ್ಲಕ್ಕಿಂತ ಹತ್ತಿರದ ಕಣ್ಣು ಊರಿನವರದೇ. ತೆರಿಗೆಯನ್ನು ಬಾಕಿ ಉಳಿಸಿಕೊಂಡವನು ನೀರು ಬರಲಿಲ್ಲವೆಂದು ದೂರುವಾಗ ಅವನ ಮಾತಿನ ಬಲ ಅರ್ಧ ಕುಗ್ಗಿರುತ್ತದೆ. ಹಸಿಕಸವನ್ನೂ ಒಣಕಸವನ್ನೂ ಬೇರ್ಪಡಿಸಿ ಕೊಡಬೇಕೆಂದು ಕೇಂದ್ರ ಸರ್ಕಾರದ ನಿಯಮಗಳು 2016ರಲ್ಲಿಯೇ ಕಡ್ಡಾಯಗೊಳಿಸಿದವು. ಒಡೆದ ಗಾಜನ್ನು ಸೊಪ್ಪುಸದೆಯ ನಡುವೆ ಎಸೆದರೆ ಅದು ಕೊಯ್ಯುವುದು ಯಾರದೋ ಕೈಯನ್ನು. ಆ ಕೈಗೆ ಒಂದು ಹೆಸರಿದೆ. ಬೆಳಗಿನ ಹಾಜರಿ ಪುಸ್ತಕದಲ್ಲಿ ಆ ಹೆಸರು ಬರೆದಿದೆ. ಚರಂಡಿಗೆ ಕಸ ಸುರಿಯುವುದು, ನಲ್ಲಿಯನ್ನು ತಿರುಗಿಸದೆ ಬಿಡುವುದು, ಬೀದಿದೀಪಕ್ಕೆ ಕಲ್ಲು ಹೊಡೆಯುವುದು ಇವೆಲ್ಲವೂ ತನ್ನ ಮನೆಯ ಮಾಳಿಗೆಯನ್ನು ತಾನೇ ಕೀಳುವಂತಹ ಕೆಲಸ.

ರಾಷ್ಟ್ರದ ರಾಜಧಾನಿ ದೂರದಲ್ಲಿದೆ. ರಾಜ್ಯದ ರಾಜಧಾನಿಗೂ ಎಲ್ಲರೂ ಹೋಗಿ ಬರಲಾರರು. ಪುರಸಭೆಯ ಕಟ್ಟಡವಾದರೋ ಶಾಲೆಯ ದಾರಿಯಲ್ಲಿಯೇ ಇದೆ. ಪ್ರಜಾಪ್ರಭುತ್ವ ಎಂಬ ದೊಡ್ಡ ಮಾತು ಅಲ್ಲಿ ನಲ್ಲಿಯ ನೀರಾಗಿ, ಬೀದಿಯ ದೀಪವಾಗಿ, ಜನನ ಪ್ರಮಾಣಪತ್ರದ ಒಂದು ಸಾಲಾಗಿ ಮನೆಬಾಗಿಲಿಗೆ ಬರುತ್ತದೆ. ಆ ದೀಪ ಯಾವ ಬೀದಿಯಲ್ಲಿ ಉರಿಯುತ್ತದೆ, ಯಾವ ಬೀದಿಯಲ್ಲಿ ಉರಿಯುವುದಿಲ್ಲ ಎಂಬುದನ್ನು ಕಂಡು, ಏಕೆಂದು ಸಭ್ಯವಾಗಿ ಕೇಳಲು ಕಲಿತವನು ಪೌರನೆನಿಸಿಕೊಳ್ಳುತ್ತಾನೆ. ಮರುದಿನ ಬೆಳಗಿನ ಜಾವ ದಫೇದಾರರು ಮತ್ತೆ ಹಾಜರಿ ಪುಸ್ತಕವನ್ನು ತೆರೆಯುತ್ತಾರೆ. ಊರಿನ ಮನೆವಾರ್ತೆ ಮತ್ತೆ ಮೊದಲಾಗುತ್ತದೆ.

ಅಭ್ಯಾಸ

1. ಪುರಸಭೆಯನ್ನು ಎರಡು ಗಾಲಿಗಳ ಬಂಡಿಗೆ ಹೋಲಿಸಿರುವುದೇಕೆ? ಸಭೆ ಮತ್ತು ಕಚೇರಿಗಳ ಕರ್ತವ್ಯಗಳನ್ನು ಬರೆಯಿರಿ.
2. ಸದಸ್ಯರು ತಮಗೆ ಬೇಕಾದವರನ್ನು ನೌಕರಿಗೆ ನೇಮಿಸುವಂತಿಲ್ಲ. ಇದಕ್ಕೆ ಕಾರಣವೇನು? ಇದರಿಂದ ಒದಗುವ ತೊಡಕು ಯಾವುದು?
3. ಪೌರಕಾರ್ಮಿಕರ ಸ್ಥಿತಿಯಲ್ಲಿ 1970ರ ದಶಕದಿಂದ ಈಚೆಗೆ ಆದ ಬದಲಾವಣೆಗಳನ್ನು ಕ್ರಮವಾಗಿ ತಿಳಿಸಿರಿ.
4. ‘ಆಗಬೇಕಾಗಿದ್ದ ಕೇಡು ಆಗದೆ ಹೋಗುವುದೇ ಅದರ ಫಲ.’ ಈ ಮಾತನ್ನು ಪಾಠದಲ್ಲಿ ಬರುವ ಸಭೆಯ ಪ್ರಸಂಗದಿಂದ ಸಮರ್ಥಿಸಿರಿ.
5. ನಿಮ್ಮ ಊರಿನ ಪಂಚಾಯಿತಿ ಅಥವಾ ಪುರಸಭೆಯ ಕಚೇರಿಗೆ ಹಿರಿಯರೊಡನೆ ಭೇಟಿ ನೀಡಿರಿ. ಅಲ್ಲಿ ಕಂಡ ಮೂರು ಕೆಲಸಗಳನ್ನು ಕುರಿತು ಒಂದು ಪುಟ ಬರೆಯಿರಿ.